ಮೆಂಫಿಸ್ ಸೇತುವೆಗೆ ಡಿ ಸೊಟೊ ಹೆಸರು ಇರ್ಬೇಕಾ? ಪರ-ವಿರೋಧ

ಪರ: ಇರ್ಲಿ ಬಿಡಿ

ನೀನು ಪರ ಬರಿ ಅಂದ್ರು, ಬರೀತಿದೀನಿ. ಅಮೆರಿಕದ ಮೆಂಫಿಸ್‌ನಿಂದ ಮಿಸಿಸಿಪ್ಪಿ ನದಿ ದಾಟಿ ಅರ್ಕಾನ್ಸಾ ರಾಜ್ಯಕ್ಕೆ ಹೋಗೋ ಐ-40 ಹೆದ್ದಾರಿ ಸೇತುವೆ 1973ರಲ್ಲಿ ಓಪನ್ ಆಯ್ತು, ಹೆಸರು ಸ್ಪೇನಿನ ದಂಡನಾಯಕ ಹೆರ್ನಾಂಡೊ ಡಿ ಸೊಟೊದು. 1541ರ ಮೇನಲ್ಲಿ ಅವನ ದಂಡು ಈ ನದಿ ಹತ್ರ ಬಂತು. ಅವನೇನು ಒಳ್ಳೆಯವನು ಅಂತ ನಾನು ಹೇಳ್ತಿಲ್ಲ, ಆದ್ರೆ ಕಾಸ್ಕಿ, ಪಕಾಹಾ ಅನ್ನೋ ಇಲ್ಲಿನ ಮೂಲನಿವಾಸಿಗಳ ಊರುಗಳನ್ನ ಕಣ್ಣಾರೆ ಕಂಡು ಬರೆದಿಟ್ಟೋರು ಅವನ ಜೊತೆ ಹೋದೋರೇ, ಬೇರೆ ಯಾರೂ ಇಲ್ಲ.

ಇನ್ನು ಜನ ಈ ಹೆಸರು ಹೇಳೋದೇ ಕಮ್ಮಿ, ಹೊಸ ಬ್ರಿಡ್ಜ್ ಅಂತಾರೆ, ಎಂ ಬ್ರಿಡ್ಜ್ ಅಂತಾರೆ. 2021ರ ಮೇನಲ್ಲಿ ಉಕ್ಕಿನ ತೊಲೇಲಿ ಬಿರುಕು ಸಿಕ್ಕಿ ಬಂದ್ ಮಾಡಿದ್ರಲ್ಲ, ನನ್ನ ಕೆಲಸ ಆಗ ನದಿ ಆಚೆ, ದಿನಾ ಹಳೇ ಐ-55 ಸೇತುವೇಲಿ ಲಾರಿಗಳ ಮಧ್ಯೆ ಸಿಕ್ಕಾಕೊಂಡು ಮಧ್ಯಾಹ್ನದ ಮೊಸರನ್ನ ಬೆಳಗ್ಗೇನೇ ಕಾರಲ್ಲಿ ಖಾಲಿ, ಎಸಿ ಹಾಕಿದ್ರೆ ಪೆಟ್ರೋಲ್ ಸುಡುತ್ತೆ ಹಾಕ್ದಿದ್ರೆ ನಾವು ಸುಡ್ತೀವಿ, ಕೆಳಗೆ ನದೀಲಿ ಬಾರ್ಜ್‌ಗಳನ್ನೂ ಸ್ವಲ್ಪ ದಿನ ನಿಲ್ಲಿಸಿದ್ರು. ಆಗಸ್ಟ್‌ನಲ್ಲಿ ಪೂರ್ತಿ ಬಿಡೋ ತನಕ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಯಾವಾಗ ಓಪನ್ ಅಂತ. ಡಿ ಸೊಟೊ ಯಾರು ಅಂತ ಒಬ್ಬನೂ ಕೇಳ್ಲಿಲ್ಲ.

ವಿರೋಧ: ತೆಗೀಲೇಬೇಕು

ಮೊಸರನ್ನದ ಕಥೆ ಚೆನ್ನಾಗಿತ್ತು, ವಿಷಯಕ್ಕೆ ಬರೋಣ.

1539ರಲ್ಲಿ ಫ್ಲಾರಿಡಾದಲ್ಲಿ ಇಳಿಯುವಾಗ್ಲೇ ಈ ಮನುಷ್ಯ 200ಕ್ಕೂ ಹೆಚ್ಚು ಕುದುರೆ, ಹಂದಿ ಹಿಂಡು, ಜೊತೆಗೆ ಕೊರಳಿಗೆ ಹಾಕೋ ಕಬ್ಬಿಣದ ಪಟ್ಟಿ, ಸರಪಳಿ ತಂದಿದ್ದ. ಅಂದ್ರೆ ಎಲ್ಲಾ ಮೊದಲೇ ಪ್ಲಾನು. ಊರಿಗೆ ನುಗ್ಗೋದು, ನಾಯಕನನ್ನ ಒತ್ತೆ ಹಿಡಿಯೋದು, ಮೆಕ್ಕೆಜೋಳದ ಕಣಜ ಖಾಲಿ ಮಾಡೋದು, ಹೊರೆ ಹೊರೋಕೆ ಅದೇ ಊರಿನ ಜನರನ್ನ ಸರಪಳೀಲಿ ಎಳ್ಕೊಂಡು ಮುಂದಿನ ಊರು. 1540ರ ಅಕ್ಟೋಬರ್‌ನಲ್ಲಿ ಈಗಿನ ಅಲಬಾಮಾದ ಮಬಿಲಾದಲ್ಲಿ ಅಲ್ಲಿನ ನಾಯಕ ಟಸ್ಕಲೂಸನ ಜನ ತಿರುಗಿಬಿದ್ರು. ಸ್ಪೇನಿನೋರು ಊರಿಗೇ ಬೆಂಕಿ ಇಟ್ರು, ಸತ್ತೋರು ಸಾವಿರಗಟ್ಟಲೆ ಅಂತ ಇವರದೇ ಲೆಕ್ಕ.

ಬರೆದಿಟ್ರಲ್ಲ ಅಂತೀರಿ. ಮನೆ ಸುಟ್ಟೋನ ಡೈರೀಲಿ ಮನೆ ವರ್ಣನೆ ಚೆನ್ನಾಗಿದೆ ಅಂತ ಗೇಟಿಗೆ ಅವನ ಹೆಸರು ಹಾಕ್ತೀವಾ?

ಸರಿ, ಆ ಬರಹಾನೇ ಓದಿ. ಮಿಸಿಸಿಪ್ಪಿ ದಂಡೇಲಿ ಇವರು ತೆಪ್ಪ ಕಟ್ತಾ ಕೂತಿದ್ದಾಗ ಅಕಿಹೊ ಅನ್ನೋ ನಾಯಕ 200 ದೋಣೀಲಿ ಬಂದ, ಮೈಗೆಲ್ಲ ಕೆಂಪು ಬಣ್ಣ, ತಲೇಲಿ ಗರಿ, ಕಾಣಿಕೆಗೆ ಮೀನು, ಹಣ್ಣಿನಿಂದ ಮಾಡಿದ ರೊಟ್ಟಿ. ದೋಣಿಗಳು ಹಿಂದಕ್ಕೆ ಹೊರಟಿದ್ದೇ ತಡ ಸ್ಪೇನಿನೋರು ಬಾಣ ಬಿಟ್ಟು ಐದಾರು ಜನರನ್ನ ಕೊಂದ್ರು.

ನನಗೆ ಇಷ್ಟ ಕ್ವಿಗ್ವಲ್ಟಮ್, ನದಿ ದಂಡೆಯ ಇನ್ನೊಬ್ಬ ನಾಯಕ. 1542ರಲ್ಲಿ ಡಿ ಸೊಟೊ ಅವನಿಗೆ 'ನಾನು ಸೂರ್ಯನ ಮಗ, ಬಂದು ಕಾಣು' ಅಂತ ಹೇಳಿ ಕಳಿಸಿದ. ಹಂಗಾದ್ರೆ ಈ ದೊಡ್ಡ ನದೀನ ಒಣಗಿಸಿ ತೋರಿಸು, ನಂಬ್ತೀನಿ ಅಂತ ಉತ್ತರ ಬಂತು. ಸ್ವಲ್ಪ ದಿನಕ್ಕೇ ಸೂರ್ಯನ ಮಗ ಜ್ವರ ಬಂದು ಸತ್ತ, ಹೆಣ ಸಿಗಬಾರದು ಅಂತ ಭಾರ ಕಟ್ಟಿ ಅದೇ ನದೀಲಿ ಮುಳುಗಿಸಿದ್ರು. ಮುಂದಿನ ವರ್ಷ ಉಳಿದೋರು ನದೀಲಿ ಓಡಿಹೋಗುವಾಗ ಕ್ವಿಗ್ವಲ್ಟಮ್ ದೋಣಿಗಳು ಬೆನ್ನಟ್ಟಿಕೊಂಡೇ ಹೋದ್ವು.

ಸೇತುವೆ ದಾಟಿ ಒಂದು ಗಂಟೆ ಒಳಗೆ ಪಾರ್ಕಿನ್ ಅನ್ನೋ ಜಾಗ ಇದೆ, ಹಳೇ ಊರಿನ ದಿಬ್ಬ, ಕಂದಕ ಇನ್ನೂ ಕಾಣುತ್ತೆ, ಅದೇ ಕಾಸ್ಕಿ ಅಂತ ತುಂಬಾ ಸಂಶೋಧಕರ ಅಭಿಪ್ರಾಯ. ಹೆಸರು ಬೇಕೇ ಅಂದ್ರೆ ಕಾಸ್ಕಿ ಸೇತುವೆ ಅನ್ನಿ. ಕ್ವಿಗ್ವಲ್ಟಮ್ ಅಂತ ಇಟ್ರೂ ನನ್ನ ಓಟು ಇದೆ, ರೇಡಿಯೋದಲ್ಲಿ ಟ್ರಾಫಿಕ್ ಸುದ್ದಿ ಓದೋರು ಶಾಪ ಹಾಕ್ತಾರೆ ಅಷ್ಟೇ.