ಐದನೇ ಮಟ್ಟದ ತಪ್ಪುಗಳು

ಸಾಫ್ಟ್‌ವೇರ್‌ನಲ್ಲಿ ತಪ್ಪು ಎಲ್ಲ ದೇಶದಲ್ಲೂ ಒಂದೇ ತರಹ. ಸಿಕ್ಕಿಬಿದ್ದಾಗ ಮಾಡುವ ಮುಖ ಮಾತ್ರ ಬೇರೆ ಬೇರೆ.

ಅಮೆರಿಕದವರಿಗೆ ನಾಚಿಕೆ ಕಡಿಮೆ. 'ಬೇಗ ಬೇಗ ಮಾಡಿ, ಮುರಿದರೆ ಮುರಿಯಲಿ' ಅನ್ನುವ ಅರ್ಥದ ಮಾತನ್ನೇ ಫೇಸ್‌ಬುಕ್ 2014ರವರೆಗೂ ಧ್ಯೇಯವಾಕ್ಯ ಮಾಡಿಕೊಂಡಿತ್ತು. 2012ರ ಆಗಸ್ಟ್ 1ರಂದು ನೈಟ್ ಕ್ಯಾಪಿಟಲ್ ಅನ್ನುವ ಷೇರು ಕಂಪನಿ ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಹೊಸ ಕೋಡ್ ಹಾಕಿ ಒಂದನ್ನು ಮರೆಯಿತು. ಮುಕ್ಕಾಲು ಗಂಟೆಯಲ್ಲಿ ಸುಮಾರು 44 ಕೋಟಿ ಡಾಲರ್ ಸೋರಿಹೋಯಿತು. ಬೇಗವೂ ಆಯಿತು, ಮುರಿಯಿತು ಕೂಡ.

ಜಪಾನಿನವರದು ಮಡಿ ಜಾಸ್ತಿ. ಟೊಯೋಟಾದಲ್ಲಿ ತಪ್ಪು ಕಂಡ ಕೆಲಸಗಾರ ಹಗ್ಗ ಎಳೆದರೆ ಇಡೀ ಲೈನೇ ನಿಲ್ಲಬಹುದು. ಆಮೇಲೆ 'ಯಾಕೆ' ಅಂತ ಐದು ಸಲ ಕೇಳಬೇಕು. ಹೀಗಿರುವಾಗ 2005ರ ಡಿಸೆಂಬರ್‌ನಲ್ಲಿ ಒಬ್ಬ ಬ್ರೋಕರ್, ಒಂದು ಷೇರನ್ನು 6,10,000 ಯೆನ್‌ಗೆ ಮಾರುವ ಬದಲು 6,10,000 ಷೇರನ್ನು ತಲಾ ಒಂದು ಯೆನ್‌ಗೆ ಮಾರಾಟಕ್ಕಿಟ್ಟ. ಗೊತ್ತಾದ ಮೇಲೆ ರದ್ದು ಮಾಡಲು ಹೋದರೆ ಟೋಕಿಯೋ ಷೇರುಪೇಟೆಯ ಸಿಸ್ಟಮ್ ಕೇಳಲಿಲ್ಲ. ಅಲ್ಲೂ ಒಂದು ಬಗ್! ಹಗ್ಗ ಎಳೆದರು, ಲೈನ್ ನಿಲ್ಲಲಿಲ್ಲ. ಷೇರುಪೇಟೆಯ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ನಮ್ಮಲ್ಲಾಗಿದ್ದರೆ ಸಮಿತಿ ಆಗುತ್ತಿತ್ತು, ಅಲ್ವಾ?

ನಾವು ಭಾರತೀಯರು ಇಬ್ಬರಿಗಿಂತ ಜಾಣರು. ನಮಗೆ ಸರ್ಟಿಫಿಕೇಟ್ ಸಾಕು. ಕಂಪನಿ ಸಾಫ್ಟ್‌ವೇರ್ ಕೆಲಸವನ್ನು ಎಷ್ಟು ಶಿಸ್ತಾಗಿ ಮಾಡುತ್ತದೆ ಅಂತ ಅಳೆಯಲು ಸಿಎಂಎಂ ಅನ್ನುವ ಐದು ಮಟ್ಟದ ಮೆಟ್ಟಿಲು ಕಟ್ಟಿದ್ದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ, ಅಲ್ಲಿನ ರಕ್ಷಣಾ ಇಲಾಖೆಗಾಗಿ. ಕಟ್ಟಿದವರು ಅವರು, ಮುಗಿಬಿದ್ದು ಹತ್ತಿದವರು ನಾವು.

ನಾನಿದ್ದ ಒಂದು ಕಂಪನಿಯೂ ಹತ್ತಿತು. ಆಡಿಟ್ ಹಿಂದಿನ ರಾತ್ರಿ ನೋಡಿದರೆ ಕೋಡ್ ಪರಿಶೀಲಿಸಿ ಸಿಕ್ಕ ತಪ್ಪು ಬರೆದಿಡಬೇಕಾದ ರಿವ್ಯೂ ಫಾರ್ಮ್‌ಗಳು ಆರು ತಿಂಗಳಿಂದ ಖಾಲಿ. ಕ್ವಾಲಿಟಿ ವಿಭಾಗದವರು ಬೇರೆ ಬೇರೆ ಪೆನ್ನು ಹಂಚಿದರು. ಆರು ತಿಂಗಳೂ ಒಂದೇ ಇಂಕಿನಲ್ಲಿದ್ದರೆ ಅನುಮಾನ ಬರುತ್ತದಂತೆ. ನಾನು ಶಿಸ್ತಾಗಿ ಎಲ್ಲ ಫಾರ್ಮಿಗೂ 'ತಪ್ಪು: ಸೊನ್ನೆ' ಅಂತ ಬರೆದೆ. ಮ್ಯಾನೇಜರ್ ತಲೆ ಚಚ್ಚಿಕೊಂಡರು.

"ಏನ್ರೀ ಇದು? ಸೊನ್ನೆ ಅಂದ್ರೆ ಯಾರು ನಂಬ್ತಾರೆ? ಮೂರೋ ನಾಲ್ಕೋ ಹಾಕಿ. ಜಾಸ್ತಿ ಬೇಡ, ಗ್ರಾಫ್‌ನಲ್ಲಿ ಗೆರೆ ದಾಟುತ್ತೆ."

ಸರಿ, ಇಲ್ಲದ ತಪ್ಪುಗಳನ್ನು ಕೂತು ಹುಟ್ಟಿಸಿದೆವು. ಕೋಡಿನ ನಡುವೆ ಬರೆಯುವ ಟಿಪ್ಪಣಿಯಲ್ಲಿ ಕಾಗುಣಿತ ದೋಷ. ಒಂದು ಕಡೆ ಜಾಸ್ತಿ ಖಾಲಿ ಸಾಲು. ಇರುವ ತಪ್ಪುಗಳನ್ನು ಬರೆಯೋಣವೆಂದರೆ ಅವು ಆಗಲೇ ಗಿರಾಕಿಯ ಮನೆ ಸೇರಿದ್ದವು.

ಮರುದಿನ ಆಡಿಟರ್ ಎಲ್ಲ ಹಾಳೆ ತಿರುವಿ ಒಂದೇ ಆಕ್ಷೇಪ ಎತ್ತಿದರು: ಫಾರ್ಮಿನ ಅಡಿಯಲ್ಲಿ ವರ್ಷನ್ 2.3 ಅಂತಿದೆ, ಪಟ್ಟಿಯಲ್ಲಿ 2.4 ಇದೆ. ತಿದ್ದಿದೆವು. ಐದನೇ ಮಟ್ಟ ಸಿಕ್ಕಿತು.

ಸರ್ಟಿಫಿಕೇಟ್ ಹಿಡಿದು ಫೋಟೋಗೆ ನಿಂತಿದ್ದಾಗ ಗಿರಾಕಿಯ ಫೋನ್. ಒಂದೇ ಬಿಲ್ ಎರಡೆರಡು ಸಲ ಹೋಗುತ್ತಿದೆಯಂತೆ. ಮ್ಯಾನೇಜರ್ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ಬಗ್ಗಿದರು.

"ರೀ, ನಿನ್ನೆ ರಾತ್ರಿ ಬರೆದ ತಪ್ಪುಗಳಲ್ಲಿ ಇದೂ ಇತ್ತಾ?"