ಸ್ಪಷ್ಟನೆ: ‘ಎ ಲಿಟ್ಲ್ ಲೈಫ್’ ಬೂಕರ್ ಗೆದ್ದಿಲ್ಲ

ನ್ಯೂಯಾರ್ಕಿನ ನಾಲ್ವರು ಗೆಳೆಯರ ದಶಕಗಳ ಒಡನಾಟವನ್ನು ಹೇಳುವ ಅಮೆರಿಕದ ಲೇಖಕಿ ಹನ್ಯಾ ಯಾನಗಿಹಾರ ಅವರ ‘ಎ ಲಿಟ್ಲ್ ಲೈಫ್’ ಕಾದಂಬರಿಯು ಬೂಕರ್ ಪ್ರಶಸ್ತಿ ಪಡೆದಿದೆ, ಅದು ನಿಜವಾಗಿ ನಡೆದ ಕಥೆ, ಮುಖಪುಟದಲ್ಲಿ ಅಳುತ್ತಿರುವವನೇ ಆ ನತದೃಷ್ಟ ನಾಯಕ ಎಂಬ ಸಂದೇಶವೊಂದು ಹರಿದಾಡುತ್ತಿದೆ. ಈ ಮೂರೂ ಮಾತು ತಪ್ಪು.

2015ರಲ್ಲಿ ಕೃತಿಯು ಬೂಕರ್‌ನ ಅಂತಿಮ ಆರರ ಪಟ್ಟಿಯಲ್ಲಿತ್ತು, ಅಷ್ಟೇ. ಆ ವರ್ಷ ಗೆದ್ದವರು ಜಮೈಕಾದ ಮಾರ್ಲನ್ ಜೇಮ್ಸ್. ಅಮೆರಿಕದ ಲೇಖಕರೊಬ್ಬರಿಗೆ ಆ ಪ್ರಶಸ್ತಿ ಮೊದಲ ಬಾರಿ ಸಂದದ್ದು 2016ರಲ್ಲಿ, ಪಾಲ್ ಬೀಟಿ ಅವರಿಗೆ. ಯಾನಗಿಹಾರ ಅವರ ಕೃತಿಗೆ ದೊರೆತದ್ದು 2015ರ ಕರ್ಕಸ್ ಎಂಬ ಅಮೆರಿಕದ ಸಾಹಿತ್ಯ ಪ್ರಶಸ್ತಿ. ಗೊಂದಲ ಹುಟ್ಟಿದ್ದು ಬಹುಶಃ ಇಲ್ಲಿಂದಲೇ.

ವಕೀಲ ಜೂಡ್, ನಟ ವಿಲ್ಲೆಮ್, ಚಿತ್ರಕಾರ ಜೆಬಿ, ವಾಸ್ತುಶಿಲ್ಪಿ ಮಾಲ್ಕಮ್, ನಾಲ್ವರೂ ಕಲ್ಪಿತ ಪಾತ್ರಗಳು. ಬಾಲ್ಯದ ದೌರ್ಜನ್ಯವನ್ನು ಯಾರಿಗೂ ಹೇಳಿಕೊಳ್ಳಲಾರದ ಜೂಡ್ ಓದುಗರಿಗೆ ಪರಿಚಿತನಂತೆ ಅನಿಸುವುದು ಬರವಣಿಗೆಯ ಕಸುವಿನಿಂದಲೇ ಹೊರತು ದಾಖಲೆಯಿಂದಲ್ಲ.

ಇನ್ನು ಮುಖಪುಟ. ಕಣ್ಣು ಬಿಗಿಮುಚ್ಚಿ, ಹುಬ್ಬು ಗಂಟಿಕ್ಕಿದ ಆ ಮುಖವನ್ನು ಛಾಯಾಗ್ರಾಹಕ ಪೀಟರ್ ಹುಜಾರ್ ಸೆರೆಹಿಡಿದದ್ದು 1969ರಲ್ಲಿ, ಅಂದರೆ ಕಾದಂಬರಿಗೆ ನಾಲ್ಕು ದಶಕಕ್ಕೂ ಮೊದಲು. ಅದು ನೋವಿನ ಮುಖವೇ ಅಲ್ಲ, ಕಾಮತೃಪ್ತಿಯ ಕ್ಷಣದ್ದು ಎಂದು ಚಿತ್ರದ ಶೀರ್ಷಿಕೆಯೇ ಹೇಳುತ್ತದೆ (ನೋಡಿದವರು ಮೋಸಹೋಗುವುದು ಸಹಜವೇ).