ರಾತ್ರಿ ಚಹಾ, ಬೆಳಗ್ಗೆ ಚೊಂಬು

ಹಿಂದೆಲ್ಲ ಅಜ್ಜಿಯರು ಆರು ತಿಂಗಳಿಗೊಮ್ಮೆ ಮೊಮ್ಮಕ್ಕಳನ್ನು ಹಿಡಿದು ಕೂರಿಸಿ, ಮೂಗು ಒತ್ತಿ ಹರಳೆಣ್ಣೆ ಕುಡಿಸುತ್ತಿದ್ದರು. ಅದಕ್ಕೆ ಭೇದಿ ಎಂದೇ ಹೆಸರು. ಈಗ ಅದೇ ಕೆಲಸಕ್ಕೆ, ಮೈಯ ವಿಷ ತೆಗೆದು ತೂಕ ಇಳಿಸುತ್ತೇನೆನ್ನುವ 28 ದಿನದ ‘ಡಿಟಾಕ್ಸ್ ಟೀ’ ಬಂದಿದೆ. ಹರಳೆಣ್ಣೆಯ ಜಾಗದಲ್ಲಿ ಗುಲಾಬಿ ಪಕಳೆ, ಅಜ್ಜಿಯ ಜಾಗದಲ್ಲಿ ಇನ್‌ಸ್ಟಾಗ್ರಾಂ ಸುಂದರಿ.

ಡಬ್ಬಿಯಲ್ಲಿ ಎರಡು ಪೊಟ್ಟಣ. ಬೆಳಗಿನದು ಬರೀ ಗ್ರೀನ್ ಟೀ, ಪಾಪದ್ದು. ಕಸುಬುದಾರ ರಾತ್ರಿಯದು. ಡಬ್ಬಿ ತಿರುಗಿಸಿ, ಇರುವೆಯೂ ಕನ್ನಡಕ ಹಾಕಿಕೊಂಡು ಓದಬೇಕಾದ ಅಕ್ಷರಗಳಲ್ಲಿ ಹುಡುಕಿ: ‘ಸೆನ್ನಾ’. ಗ್ರಂಧಿಗೆ ಅಂಗಡಿಯ ನಮ್ಮ ಸೋನಾಮುಖಿ! ಮಲಬದ್ಧತೆಗೆ ಒಳ್ಳೆಯ ಔಷಧಿಯೇ. ಆದರೆ ವೈದ್ಯರನ್ನು ಕೇಳದೆ ವಾರಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಟೀ ಡಬ್ಬಿಗೆ ಮಾತ್ರ ನಾಲ್ಕು ವಾರದ ರಿಯಾಯಿತಿ.

ಸೋನಾಮುಖಿ ಎಲೆಯೊಳಗಿನ ಭೇದಿಯ ಅಂಶ ಸೆನ್ನೋಸೈಡ್. ಅದು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಒಡೆದ ಮೇಲಷ್ಟೇ ಕೆಲಸಕ್ಕೆ ಇಳಿಯುತ್ತದೆ. ಅದಕ್ಕೆ 6ರಿಂದ 12 ಗಂಟೆ ಬೇಕು. ಅಷ್ಟರಲ್ಲಿ ರಾತ್ರಿಯ ಎರಡು ಹೋಳಿಗೆ ಮತ್ತು ತುಪ್ಪ ಸಣ್ಣ ಕರುಳಿನಲ್ಲೇ ರಕ್ತ ಸೇರಿ, ಸೊಂಟದ ಸುತ್ತ ಸೈಟು ಹಿಡಿದು ಗೃಹಪ್ರವೇಶವನ್ನೂ ಮುಗಿಸಿರುತ್ತವೆ. ಬೆಳಗ್ಗೆ ಓಡಿಹೋಗುವುದು ನೀರು, ಜೊತೆಗೆ ಪೊಟ್ಯಾಶಿಯಂ. ಒಂದು ಲೀಟರ್ ನೀರು ಹೋದರೆ ತೂಕದ ಯಂತ್ರದಲ್ಲಿ ಒಂದು ಕೆಜಿ ಇಳಿಯುತ್ತದೆ. ಫೋಟೊ ಹಾಕುವುದು ಆಗಲೇ. ಎರಡು ಚೊಂಬು ನೀರು ಕುಡಿದ ಮೇಲಿನ ಫೋಟೊ ಯಾರೂ ಹಾಕುವುದಿಲ್ಲ.

ಪೊಟ್ಯಾಶಿಯಂ ಇಳಿದರೆ ಸುಸ್ತು, ಮೀನಖಂಡದ ಸೆಳೆತ. ನೀರಿಳಿಸುವ ಬಿಪಿ ಮಾತ್ರೆ ಅಥವಾ ಹೃದಯದ ಔಷಧಿ ಡಿಗಾಕ್ಸಿನ್ ನುಂಗುವವರಿಗಂತೂ ಎದೆಬಡಿತವೇ ತಾಳ ತಪ್ಪಬಹುದು. ‘ವಿಷ ಹೊರಗೆ ಹೋಗ್ತಿದೆ, ಬಿಡಬೇಡಿ’ ಎಂದು ವಾಟ್ಸಾಪ್ ಗ್ರೂಪಿನಲ್ಲಿ ಅಭಿನಂದನೆ ಬರುತ್ತದೆ. ಪೊಟ್ಟಣ ಐದು ನಿಮಿಷದ ಬದಲು ಹದಿನೈದು ನಿಮಿಷ ನೆನೆದರೆ ಏಟು ಇನ್ನೂ ಜೋರು. ಇಲ್ಲಿ ಡೋಸ್ ನಿರ್ಧರಿಸುವುದು ನಡುವೆ ಬಂದ ಫೋನ್ ಕರೆ. ತಿಂಗಳುಗಟ್ಟಲೆ ಕುಡಿದವರ ದೊಡ್ಡ ಕರುಳಿನ ಒಳಪದರ ಕಂದುಗಪ್ಪಾಗುವುದೂ ಉಂಟು. ಬಿಟ್ಟರೆ ನಿಧಾನಕ್ಕೆ ತಿಳಿಯಾಗುತ್ತದೆ ಅನ್ನಿ. ತೊಳೆಯಲು ಹೋದ ಪಾತ್ರೆಗೇ ಮಸಿ.

ಇದೆಲ್ಲ ಗೊತ್ತಿರುವ ಜಾಣರು ಗ್ರೀನ್ ಟೀ ಸಾರದ ಕ್ಯಾಪ್ಸೂಲಿಗೆ ಬಡ್ತಿ ಪಡೆಯುತ್ತಾರೆ. ಪೂರಕಗಳ ಮೂಲಕ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಇಜಿಸಿಜಿ (ಗ್ರೀನ್ ಟೀ ಎಲೆಯಲ್ಲಿರುವ ಒಂದು ರಾಸಾಯನಿಕ) ಹೊಟ್ಟೆಗಿಳಿದರೆ ಲಿವರ್‌ಗೆ ಪೆಟ್ಟು ಬೀಳಬಹುದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಎಚ್ಚರಿಸಿದೆ. ಅಷ್ಟನ್ನು ಲೋಟದಲ್ಲಿ ಕುಡಿಯಲು ಹೊರಟರೆ ಹೊಟ್ಟೆಯೇ ಕೈಮುಗಿಯುತ್ತದೆ. ಕ್ಯಾಪ್ಸೂಲಾದರೆ, ಅದೂ ಖಾಲಿ ಹೊಟ್ಟೆಗೆ, ಒಂದೇ ಗುಟುಕು.

ಕಣ್ಣು ಹಳದಿಯಾಗಿ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ ಮೇಲೆ ಡಾಕ್ಟರು ಕೇಳುತ್ತಾರೆ, ‘ಯಾವ ಮಾತ್ರೆ ತಗೋತಿದ್ದೀರಿ?’ ಡಬ್ಬಿ ಅಡುಗೆಮನೆಯ ಶೆಲ್ಫಿನಲ್ಲೇ ಇರುತ್ತದೆ.

‘ಏನೂ ಇಲ್ಲ ಸಾರ್. ಬರೀ ಟೀ.’